ಮಲ್ಲಿತಮ್ಮನ ಬೆನ್ನು ಹತ್ತಿ: ಮನೆಯಲ್ಲೇ ಕೂತು ಕಲಾ ಇತಿಹಾಸದ ಕೆಲಸ ಶುರು ಮಾಡುವುದು ಹೇಗೆ

ಸೋಮನಾಥಪುರದ ಕೇಶವ ದೇವಸ್ಥಾನದ ಒಂದು ಫೋಟೊ ಹಿಡಿದು ಇಂಟರ್ನೆಟ್ಟಿನಲ್ಲಿ ಹುಡುಕಿ ನೋಡಿ. ಎಷ್ಟೋ ಕಡೆ ಅದೇ ಚಿತ್ರ, ಕೆಳಗೆ ಅದೇ ಸಾಲು: ಜಕಣಾಚಾರಿಯ ಕೈಚಳಕ. ಜಕಣಾಚಾರಿಯ ಕಥೆ ನನಗೂ ಇಷ್ಟ. ಕೈದಾಳದಿಂದ ಬೇಲೂರಿನ ಕಪ್ಪೆ ಚೆನ್ನಿಗರಾಯನವರೆಗೆ ಅದು ನಮ್ಮ ಜನರ ಬಾಯಲ್ಲಿ ಬೆಳೆದು ಬಂದ ಕಥೆ. ಆದರೆ ಸೋಮನಾಥಪುರದ ಗೋಡೆಯಲ್ಲಿ ಉಳಿ ಹಿಡಿದವರು ತಮ್ಮ ಹೆಸರನ್ನು ತಾವೇ ಬರೆದಿಟ್ಟು ಹೋಗಿದ್ದಾರೆ. ವಿಗ್ರಹದ ಕಾಲ ಕೆಳಗಿನ ಪೀಠದಲ್ಲಿ, ಹೊಯ್ಸಳರ ಕಾಲದ ಕನ್ನಡ ಅಕ್ಷರದಲ್ಲಿ, ಮಲ್ಲಿತಮ್ಮ, ಮಸಣಿತಮ್ಮ, ಚೌಡೆಯ, ಬಾಮಯ ಅಂತ ಕಾಣುತ್ತದೆ. ಹೆಸರು ಎದುರಿಗೇ ಇರುವಾಗ ಬೇರೆ ಹೆಸರು ಹಾಕಿ ಹಂಚುವುದು ನನಗೆ ನಿಜಕ್ಕೂ ನೋವಿನ ವಿಷಯ.

ಮುಂಚೆ ಇಂಥ ಹೆಸರಿನ ಹಿಂದೆ ಹೋಗಬೇಕು ಅಂದರೆ ದೊಡ್ಡ ಲೈಬ್ರರಿಯ ಕಾರ್ಡು ಬೇಕಿತ್ತು, ಹಳೆಯ ಪುರಾತತ್ವ ವರದಿಗಳನ್ನು ಅಲ್ಲೇ ಕೂತು ಕೈಯಲ್ಲಿ ಬರೆದುಕೊಳ್ಳಬೇಕಿತ್ತು, ಫೋಟೊ ಬೇಕಾದರೆ ಸಂಸ್ಥೆಗೆ ಪತ್ರ ಬರೆದು ತಿಂಗಳುಗಟ್ಟಲೆ ಕಾಯಬೇಕಿತ್ತು. ಈಗ ಹಾಗಿಲ್ಲ. ಚಿತ್ರ, ಪುಸ್ತಕ, ಶಾಸನದ ಪಾಠ ಎಲ್ಲವೂ ಮೊಬೈಲಿಗೇ ಬರುತ್ತದೆ. ಕಷ್ಟದ ಜಾಗ ಬದಲಾಗಿದೆ ಅಷ್ಟೇ. ಆ ಚಿತ್ರ ಎಲ್ಲಿಯದು, ಯಾವಾಗಿನದು, ಹಾಗಂತ ಹೇಳಿದವರು ಯಾರು? ಈಗ ಮುಕ್ಕಾಲು ಪಾಲು ಕೆಲಸ ಇದೇ. ಈ ಬರಹದಲ್ಲಿ ಮಲ್ಲಿತಮ್ಮ ಅನ್ನೋ ಒಬ್ಬ ಶಿಲ್ಪಿಯನ್ನೇ ಹಿಡಿದು ಹೋಗೋಣ. ದಾರಿ ಗೊತ್ತಾದ ಮೇಲೆ ನಿಮ್ಮೂರಿನ ದೇವಸ್ಥಾನಕ್ಕೂ ಇದನ್ನೇ ಬಳಸಬಹುದು.

ಮೊದಲು ಪ್ರಶ್ನೆ ಚಿಕ್ಕದು ಮಾಡಿಕೊಳ್ಳಿ

"ಹೊಯ್ಸಳ ಶಿಲ್ಪಕಲೆ" ಅಂತ ಹುಡುಕಲು ಕೂತರೆ ಸಂಜೆಗೆ ಸಾವಿರ ಚಿತ್ರ ಇರುತ್ತವೆ, ಒಂದು ವಿಷಯವೂ ಇರುವುದಿಲ್ಲ. ಉತ್ತರ ಹೌದು ಅಥವಾ ಅಲ್ಲ ಅಂತ ಬರಬಹುದಾದ ಪ್ರಶ್ನೆ ಇಟ್ಟುಕೊಳ್ಳಿ.

ಮಲ್ಲಿತಮ್ಮನ ವಿಷಯದಲ್ಲಿ ಅಂಥ ಪ್ರಶ್ನೆ ಸಿದ್ಧವಾಗಿಯೇ ಇದೆ. ತರೀಕೆರೆ ಹತ್ತಿರದ ಅಮೃತಾಪುರದ ಅಮೃತೇಶ್ವರ ದೇವಸ್ಥಾನ 1196ರದು, ಅಲ್ಲಿ ಅವನ ಹೆಸರಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನ 1246ರದು, ಅಲ್ಲೂ ಇದೆ. ಸೋಮನಾಥಪುರದಲ್ಲಿ ಸುಮಾರು 40 ವಿಗ್ರಹಗಳ ಮೇಲೆ ಇದೆ. ಅಂದರೆ ಕಡಿಮೆ ಅಂದರೂ 60 ವರ್ಷ. ಒಬ್ಬ ಮನುಷ್ಯ ಅಷ್ಟು ಕಾಲ ಕಲ್ಲು ಕೆತ್ತಿದನೇ, ಅಥವಾ ತಾತನ ಹೆಸರಿನ ಮೊಮ್ಮಗ ಇದ್ದನೇ? ನೋಡಿ, ಎಷ್ಟು ಒಳ್ಳೆಯ ಪ್ರಶ್ನೆ, ಅಲ್ವಾ.

ಹೆಸರನ್ನು ಹುಡುಕುವ ಬಗೆ

ಕಂಪ್ಯೂಟರಿಗೆ ಮಲ್ಲಿತಮ್ಮ ಅಂದರೆ ಬರೀ ಅಕ್ಷರ. ಒಂದಕ್ಷರ ಆಚೀಚೆ ಆದರೂ ಸಿಗುವುದಿಲ್ಲ. ಆದ್ದರಿಂದ ಒಂದು ಹಾಳೆಯಲ್ಲಿ ಹೆಸರಿನ ಎಲ್ಲ ರೂಪಗಳನ್ನೂ ಮೊದಲು ಬರೆದುಕೊಳ್ಳಿ. ಕನ್ನಡದಲ್ಲಿ ಮಲ್ಲಿತಮ್ಮ, ಮಲ್ಲಿತಂಮ (ಶಾಸನಗಳಲ್ಲಿ ಒತ್ತಿನ ಬದಲು ಸೊನ್ನೆ ಬರುವುದು ತೀರಾ ಸಾಮಾನ್ಯ), ಮಳಿತಮ್ಮ. ಇಂಗ್ಲಿಷಿನಲ್ಲಿ ಎಲ್ ಒಂದು ಅಥವಾ ಎರಡು, ಟಿ ಜೊತೆ ಎಚ್ ಇದ್ದು ಮತ್ತು ಇಲ್ಲದೆ. ಜೊತೆಗೆ ರೂವಾರಿ (ಅಂದರೆ ಶಿಲ್ಪಿ) ಅನ್ನೋ ಬಿರುದು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಹುಡುಕಿ.

ಇನ್ನೊಂದು ತೊಡಕಿದೆ. ಅವನು ಎಷ್ಟೋ ಕಡೆ ಬರೀ "ಮಲ್ಲಿ" ಅಂತಲೋ, ಇನ್ನೂ ಚಿಕ್ಕದಾಗಿ "ಮ" ಅಂತಲೋ ಕೆತ್ತಿದ್ದಾನೆ. "ಮ" ಅಂತ ಯಾವ ಸರ್ಚ್ ಇಂಜಿನ್ನಿಗೆ ಹಾಕಿದರೂ ಪ್ರಯೋಜನವಿಲ್ಲ. ಹಾಗಾಗಿ ಶಿಲ್ಪಿಯ ಹೆಸರಿನ ಜೊತೆಗೆ ಊರಿನ ಹೆಸರು ಹಿಡಿದೂ ಹುಡುಕಬೇಕು, ಆ ಊರಿನ ವರದಿಯನ್ನು ಪೂರ್ತಿ ಓದಬೇಕು. ಇಲ್ಲಿ ಅಡ್ಡದಾರಿ ಇಲ್ಲ.

ಹಳೆಯ ಪುಸ್ತಕಕ್ಕೆ ಹೋಗಿ, ಸಾರಾಂಶಕ್ಕಲ್ಲ

ಇದಕ್ಕೆ ಬೇಕಾದ ಮುಖ್ಯ ಸಾಮಗ್ರಿ ಎಲ್ಲ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಬಿ. ಎಲ್. ರೈಸ್ ಹೊರತಂದ, ನಮ್ಮ ಶಾಸನಗಳ ಪಾಠಗಳನ್ನು ಒಟ್ಟು ಮಾಡಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಿವೆ. ಹಾಸನ ಜಿಲ್ಲೆಯದು 5ನೆಯದು. ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಿವೆ. ಅದೇ ಇಲಾಖೆಯ ಆರ್. ನರಸಿಂಹಾಚಾರ್ ಬರೆದ ಸಣ್ಣ ಪುಸ್ತಕಗಳಿವೆ, ಸೋಮನಾಥಪುರದ ಮೇಲೆ 1917ರಲ್ಲಿ, ಬೇಲೂರಿನ ಮೇಲೆ 1919ರಲ್ಲಿ. ನರಸಿಂಹಾಚಾರ್ ವಿಗ್ರಹದಿಂದ ವಿಗ್ರಹಕ್ಕೆ ಹೋಗಿ ಸಹಿಗಳನ್ನು ಓದಿದವರು. ಇವತ್ತು ಆನ್‌ಲೈನಿನಲ್ಲಿ ಓಡಾಡುವ ಬಹುಪಾಲು ಹೆಸರುಗಳ ಬೇರು ಅವರ ಕೆಲಸದಲ್ಲಿದೆ. ಬೇಲೂರಿನ ಮದನಿಕೆಯರಲ್ಲಿ ಕೆಲವನ್ನು ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಮಾಡಿದರು ಅಂತ ನಮಗೆ ಗೊತ್ತಿರುವುದೂ ಇಂಥ ಸಹಿಗಳಿಂದಲೇ.

ಸ್ಕ್ಯಾನ್ ಮಾಡಿದ ಈ ಪುಸ್ತಕಗಳಲ್ಲಿ ಹುಡುಕುವಾಗ ಒಂದು ವಿಷಯ ನೆನಪಿಡಿ. ಪುಟದ ಚಿತ್ರವನ್ನು ಅಕ್ಷರ ಮಾಡುವ ಓಸಿಆರ್ ತಂತ್ರ ನೂರು ವರ್ಷದ ಹಿಂದಿನ ಅಚ್ಚಿನ ಮುಂದೆ ಸೋಲುತ್ತದೆ. ಇಂಗ್ಲಿಷಿನ ಜೋಡಿ ಎಲ್ ಅನ್ನು ಅದು ದೊಡ್ಡ ಯು ಅಂತ ಓದಿಬಿಡುವುದು ಉಂಟು, ಆಗ ಮಲ್ಲಿತಮ್ಮ ಕಳೆದೇ ಹೋದ. ಉಚ್ಚಾರಣೆಗೆಂದು ಅಕ್ಷರದ ಮೇಲೆ ಗೀಟು, ಕೆಳಗೆ ಚುಕ್ಕೆ ಹಾಕಿದ ಕಡೆಯಂತೂ ಏನು ಓದುತ್ತದೋ ಹೇಳಲಾಗದು. ಕನ್ನಡ ಪಾಠದ ಪುಟಗಳು ಓಸಿಆರ್‌ನಲ್ಲಿ ಬಹುತೇಕ ಗೊಂದಲವೇ. ಆದ್ದರಿಂದ ಹೆಸರಿನ ತುಂಡಿನಲ್ಲಿ ಹುಡುಕಿ. "ತಮ್ಮ" ಅಂತಷ್ಟೇ ಇಂಗ್ಲಿಷಿನಲ್ಲಿ ಹಾಕಿ, ಮಸಣಿತಮ್ಮನೂ ಜೊತೆಗೇ ಸಿಗುತ್ತಾನೆ. ಸರ್ಚ್‌ನಲ್ಲಿ ಏನೂ ಬರದಿದ್ದರೆ ಪುಸ್ತಕದಲ್ಲಿ ಇಲ್ಲ ಅಂತ ತೀರ್ಮಾನ ಮಾಡಬೇಡಿ. ಪುಟ ತಿರುವಿ ನೋಡಿ.

ಸಿಕ್ಕಿದ್ದನ್ನು ಬರೆದುಕೊಳ್ಳುವಾಗ ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ, ಪುಟ, ಜೊತೆಗೆ ಯಾವ ಆವೃತ್ತಿ ಅನ್ನುವುದನ್ನೂ ಬರೆಯಿರಿ. ಮೈಸೂರು ವಿಶ್ವವಿದ್ಯಾನಿಲಯ ಆಮೇಲೆ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟದ ಸಂಖ್ಯೆಯೂ ಬೇರೆ, ಶಾಸನದ ಸಂಖ್ಯೆಯೂ ಬೇರೆ. ಆವೃತ್ತಿ ಬರೆಯದೆ ಬರೀ ಸಂಖ್ಯೆ ಕೊಟ್ಟರೆ ನಿಮ್ಮ ಹಿಂದೆ ಬಂದವರು ಬೇರೆಯೇ ಕಲ್ಲಿನ ಮುಂದೆ ನಿಂತಿರುತ್ತಾರೆ.

ಚಾಟ್‌ಬಾಟ್ ಕೇಳಬಹುದಾ? ಕೇಳಿ, ಪರವಾಗಿಲ್ಲ. ಇಂಗ್ಲಿಷಿನ ಉದ್ದ ಪ್ಯಾರಾ ಅರ್ಥ ಮಾಡಿಸಿಕೊಳ್ಳಲು, ಹೆಸರಿನ ರೂಪಗಳ ಪಟ್ಟಿ ಮಾಡಿಸಲು ಅದು ನೆರವಾಗುತ್ತದೆ. ಆದರೆ ಶಾಸನದ ಸಂಖ್ಯೆ, ವರ್ಷ, ಶಿಲ್ಪಿಯ ಹೆಸರು ಅಂತ ಅದು ಏನೇ ಕೊಟ್ಟರೂ ಪುಟ ತೆರೆದು ಕಣ್ಣಾರೆ ಕಾಣುವವರೆಗೆ ನಿಮ್ಮ ಟಿಪ್ಪಣಿಗೆ ಸೇರಿಸಬೇಡಿ. ಇಲ್ಲದ ಸಂಖ್ಯೆಯನ್ನೂ ಅದು ಇದ್ದಂತೆಯೇ ಹೇಳಬಲ್ಲದು.

ವರ್ಷದ ಲೆಕ್ಕ

ಸೋಮನಾಥಪುರದ ದೇವಸ್ಥಾನಕ್ಕೆ ಒಂದು ಕಡೆ 1258 ಅಂತ ಇರುತ್ತದೆ, ಇನ್ನೊಂದು ಕಡೆ 1268. ನಮ್ಮ ಪ್ರಶ್ನೆಗೆ ಈ ಹತ್ತು ವರ್ಷ ಸಣ್ಣದಲ್ಲ. ಮಲ್ಲಿತಮ್ಮನ ಕೆಲಸದ ಕಾಲ 62 ವರ್ಷವೋ 72 ವರ್ಷವೋ ಅನ್ನುವುದೇ ಬದಲಾಗುತ್ತದೆ. ಯಾವ ಜಾಲತಾಣ ದೊಡ್ಡದು ಅಂತ ನೋಡಿ ಒಂದನ್ನು ಆರಿಸಬೇಡಿ. ಆ ವರ್ಷ ಯಾವ ಶಾಸನದಿಂದ ಬಂತು, ಆ ಶಾಸನ ಪ್ರತಿಷ್ಠೆಯ ವಿಷಯ ಹೇಳುತ್ತದೋ ಆಮೇಲಿನ ದಾನದ ವಿಷಯ ಹೇಳುತ್ತದೋ ಅಂತ ನೋಡಿ.

ಶಾಸನದಲ್ಲಿ ಬರುವ ಶಕ ವರ್ಷಕ್ಕೆ 78 ಕೂಡಿದರೆ ಸಾಮಾನ್ಯವಾಗಿ ನಮ್ಮ ಕ್ಯಾಲೆಂಡರಿನ ವರ್ಷ ಬರುತ್ತದೆ. ಪುಷ್ಯ, ಮಾಘ, ಫಾಲ್ಗುಣದ ತಿಥಿ ಆದರೆ ಹೆಚ್ಚಾಗಿ 79. ಬರೀ ಕೂಡಿ ಬಿಡಬೇಡಿ, ಸಂವತ್ಸರದ ಹೆಸರು ಹೊಂದುತ್ತದೋ ಪರೀಕ್ಷೆ ಮಾಡಿ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಶಕ 1039, ಹೇವಿಳಂಬಿ ಸಂವತ್ಸರ. 78 ಕೂಡಿದರೆ 1117. ಈಗ ನಮಗೆ ನೆನಪಿರುವ ಹೇವಿಳಂಬಿ ತೆಗೆದುಕೊಳ್ಳಿ, 2017ರ ಯುಗಾದಿಗೆ ಬಂದದ್ದು. ನಡುವೆ 900 ವರ್ಷ, ಅಂದರೆ 60ರ ಸರಿಯಾಗಿ 15 ಸುತ್ತು. ಲೆಕ್ಕ ಕೂಡಿತು. ಹೀಗೆ ಕೂಡದಿದ್ದರೆ ಓದಿದ್ದರಲ್ಲೋ, ಅಚ್ಚಿನಲ್ಲೋ, ಕಲ್ಲಿನಲ್ಲೇ ಏನೋ ವ್ಯತ್ಯಾಸ ಇದೆ ಅಂತ ಗುರುತು ಹಾಕಿಕೊಳ್ಳಿ.

ಫೋಟೊ ನಂಬುವ ಮುಂಚೆ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ ಹೆಜ್ಜೆ ಇದು.

ಗೂಗಲ್ ಲೆನ್ಸ್, ಟಿನ್‌ಐ, ಯಾಂಡೆಕ್ಸ್, ಚಿತ್ರ ಹಾಕಿದರೆ ಅಂಥದೇ ಚಿತ್ರ ಬೇರೆ ಎಲ್ಲಿದೆ ಅಂತ ಹುಡುಕಿಕೊಡುವ ಈ ಮೂರರಲ್ಲೂ ನೋಡಿ. ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ. ಲೆನ್ಸ್ ತೋರಿಸುವುದು ಹೋಲಿಕೆ ಮಾತ್ರ. ಹೊಯ್ಸಳ ಮದನಿಕೆಯ ಯಾವ ಚಿತ್ರ ಹಾಕಿದರೂ ಅದು ಬೇಲೂರಿನ ಕಡೆಗೇ ಎಳೆಯುತ್ತದೆ, ಯಾಕೆಂದರೆ ಬೇಲೂರಿನ ಚಿತ್ರಗಳೇ ಜಾಸ್ತಿ. ಟಿನ್‌ಐನಲ್ಲಿ ಹಳೆಯದು ಮೊದಲು ಬರುವ ಹಾಗೆ ಜೋಡಿಸಿಕೊಂಡರೆ ಆ ತಾಣಕ್ಕೆ ಆ ಫೋಟೊ ಮೊದಲ ಸಲ ಎಲ್ಲಿ ಸಿಕ್ಕಿತು ಅಂತ ತಿಳಿಯುತ್ತದೆ. ಅಲ್ಲಿಂದ ಮೂಲದ ಕಡೆ ಹೋಗಿ.

ಸಿಕ್ಕಿದರೆ ಎಲ್ಲರೂ ಬಳಸಬಹುದಾದ ಫೋಟೊಗಳ ಆನ್‌ಲೈನ್ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನ ಪ್ರತಿಯನ್ನೇ ಹಿಡಿಯಿರಿ. ಅಲ್ಲಿ ಯಾರು ತೆಗೆದರು, ಯಾವ ದಿನ, ಯಾವ ಲೈಸೆನ್ಸು ಅನ್ನುವುದು ಇರುತ್ತದೆ, ಕ್ಯಾಮೆರಾ ಬರೆದ ಮಾಹಿತಿಯೂ ಅನೇಕ ಸಲ ಉಳಿದಿರುತ್ತದೆ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೊ ಆಗಿ ಬಂದದ್ದರಲ್ಲಿ ಅದೆಲ್ಲ ಅಳಿಸಿ ಹೋಗಿರುತ್ತದೆ. ಗೆಳೆಯರಿಂದ ತರಿಸಿಕೊಳ್ಳುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಎಡಬಲ ಮಗುಚಿದ ಫೋಟೊಗಳ ಬಗ್ಗೆ ತುಂಬ ಎಚ್ಚರ ಬೇಕು. ವಿಡಿಯೊ ಮಾಡುವವರು ಚಿತ್ರ ಮಗುಚಿ ಹಾಕುವುದು ಉಂಟು. ಗಿಡದ ಫೋಟೊ ಆದರೆ ನಷ್ಟವಿಲ್ಲ, ಹೊಯ್ಸಳ ವಿಷ್ಣು ಆದರೆ ದೇವರ ಹೆಸರೇ ಬದಲಾಗುತ್ತದೆ. ವಿಷ್ಣುವಿನ 24 ರೂಪಗಳನ್ನು ಗುರುತಿಸುವುದು ನಾಲ್ಕು ಕೈಗಳಲ್ಲಿ ಶಂಖ, ಚಕ್ರ, ಗದೆ, ಪದ್ಮ ಯಾವ ಕ್ರಮದಲ್ಲಿವೆ ಅನ್ನುವುದರಿಂದ. ಸಾಮಾನ್ಯವಾಗಿ ಬಳಸುವ ಪಟ್ಟಿಯಲ್ಲಿ ಕೇಶವನಿಗೆ ಹಿಂದಿನ ಬಲಗೈಯಲ್ಲಿ ಶಂಖ, ಹಿಂದಿನ ಎಡಗೈಯಲ್ಲಿ ಚಕ್ರ, ಮುಂದಿನ ಎಡಗೈಯಲ್ಲಿ ಗದೆ, ಮುಂದಿನ ಬಲಗೈಯಲ್ಲಿ ಪದ್ಮ. ಈಗ ಈ ಚಿತ್ರವನ್ನು ಮಗುಚಿ. ಹಿಂದಿನ ಬಲಗೈಗೆ ಚಕ್ರ ಬಂತು, ಹಿಂದಿನ ಎಡಗೈಗೆ ಶಂಖ, ಮುಂದಿನ ಎಡಗೈಗೆ ಪದ್ಮ, ಮುಂದಿನ ಬಲಗೈಗೆ ಗದೆ. ಅದೇ ಪಟ್ಟಿಯಲ್ಲಿ ಇದು ಮಾಧವ! ಕಲ್ಲು ಅದೇ, ಹೆಸರು ಬೇರೆ. ಪಟ್ಟಿ ಗ್ರಂಥದಿಂದ ಗ್ರಂಥಕ್ಕೂ ಸ್ವಲ್ಪ ಬದಲಾಗುತ್ತದೆ, ಆದ್ದರಿಂದ ಯಾವ ಪಟ್ಟಿ ಬಳಸಿದಿರಿ ಅಂತಲೂ ಬರೆದಿಡಿ. ಬಲ ಎಡ ಅನ್ನುವಾಗ ಯಾವಾಗಲೂ ವಿಗ್ರಹದ ಬಲ ಎಡ, ನಿಮ್ಮದಲ್ಲ. ಮಗುಚಿದೆಯೋ ಇಲ್ಲವೋ ತಿಳಿಯಲು ಸುಲಭದ ದಾರಿ ಪೀಠದ ಅಕ್ಷರ. ಅದು ಕನ್ನಡಿಯಲ್ಲಿ ಕಂಡಂತೆ ಇದ್ದರೆ ಮುಗಿಯಿತು. ಅಕ್ಷರ ಕಾಣದಿದ್ದರೆ ಅದೇ ವಿಗ್ರಹದ ಇನ್ನೊಬ್ಬರು ತೆಗೆದ ಫೋಟೊ ಹುಡುಕಿ.

ಎಐ ಮಾಡಿದ ದೇವಸ್ಥಾನದ ಚಿತ್ರಗಳೂ ಈಗ ಎಲ್ಲೆಡೆ ಇವೆ. ಒಡೆದ ಮೂಗು, ಸವೆದ ಮೊಣಕಾಲು, ಸುಣ್ಣದ ಗುರುತು ಏನೂ ಇಲ್ಲದೆ ಎಲ್ಲವೂ ಒಂದೇ ಸಮ ಹೊಳೆಯುತ್ತಿದ್ದರೆ, ಆಯುಧಗಳು ಯಾವುದು ಅಂತ ಹೇಳಲು ಬರದಂತಿದ್ದರೆ ಅದನ್ನು ಪಕ್ಕಕ್ಕಿಡಿ. ಊರು, ಗೋಡೆ, ತೆಗೆದವರು ಈ ಮೂರೂ ತಿಳಿಯದ ಚಿತ್ರವನ್ನು ಎಷ್ಟೇ ಚೆನ್ನಾಗಿದ್ದರೂ ಸಾಕ್ಷಿಯಾಗಿ ಬಳಸಬೇಡಿ.

ಹಳೆಯ ಫೋಟೊ ಯಾಕೆ ಬೇಕು

ಹಳೇಬೀಡಿನ ದೇವಸ್ಥಾನವನ್ನು ರಿಚರ್ಡ್ ಬ್ಯಾನರ್ ಓಕ್ಲಿ ಅನ್ನುವವರು 1856ರಲ್ಲೇ ಫೋಟೊ ತೆಗೆದಿದ್ದರು. ಅದೇ ವರ್ಷ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದರು. ದುರಸ್ತಿಗೆ ಮುಂಚೆ ಏನಿತ್ತು, ಯಾವ ಕಲ್ಲು ಆಮೇಲೆ ಕೂಡಿಸಿದ್ದು ಅನ್ನುವುದಕ್ಕೆ ಇಂಥ ಚಿತ್ರಗಳೇ ಆಧಾರ. 20ನೇ ಶತಮಾನದ ಫೋಟೊಗಳಿಗೆ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಗುರುಗ್ರಾಮದ ಸಂಗ್ರಹ ತುಂಬ ಉಪಯೋಗ, ಊರಿನ ಹೆಸರಿನಿಂದಲೇ ಹುಡುಕಬಹುದು.

ಹಳೆಯ ಫೋಟೊ ಎಷ್ಟು ಬಲವಾದ ಸಾಕ್ಷಿ ಅನ್ನುವುದಕ್ಕೆ ತಮಿಳುನಾಡಿನ ಶ್ರೀಪುರಂದಾನ್ ನಟರಾಜನ ವಿಷಯ ನೋಡಿ. ಊರಿನ ದೇವಸ್ಥಾನದಿಂದ ಕಳುವಾದ ಚೋಳರ ಕಾಲದ ಆ ಕಂಚಿನ ಮೂರ್ತಿಯನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ 50 ಲಕ್ಷ ಡಾಲರಿಗೆ ಕೊಂಡಿತ್ತು. ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನ ಸಂಗ್ರಹದಲ್ಲಿ ಅದೇ ಮೂರ್ತಿ ದೇವಸ್ಥಾನದಲ್ಲಿದ್ದಾಗಿನ ಫೋಟೊಗಳಿದ್ದವು. ಕಲೆಯ ಮೇಲಿನ ಪ್ರೀತಿಯಿಂದ ಕೆಲಸ ಮಾಡುವ ಜನ, ಪತ್ರಕರ್ತರು, ಬ್ಲಾಗು ಬರೆಯುವವರು ಇಂಥ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ್ದರಿಂದ ಒತ್ತಡ ಬೆಳೆಯಿತು, 2014ರಲ್ಲಿ ಮೂರ್ತಿ ವಾಪಸ್ ಬಂತು. ಸಂಬಳಕ್ಕಲ್ಲದೆ ರಾತ್ರಿ ಕೂತು ಫೋಟೊ ಹೋಲಿಸಿದ ಜನರಿಂದ ಇಷ್ಟಾಯಿತು ಅನ್ನುವುದು ನನಗೆ ದೊಡ್ಡ ಧೈರ್ಯ ಕೊಡುವ ಸಂಗತಿ.

ಸಿಕ್ಕಿದ ಕೂಡಲೇ ಪ್ರತಿ ಇಳಿಸಿಟ್ಟುಕೊಳ್ಳಿ. ನಾಳೆ ನೋಡೋಣ ಅಂತ ಲಿಂಕು ಮಾತ್ರ ಇಟ್ಟುಕೊಂಡರೆ ಸಾಲದು. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ಆದಾಗ ಅದರ ಆನ್‌ಲೈನ್ ಸೇವೆಗಳು ತಿಂಗಳುಗಟ್ಟಲೆ ನಿಂತವು. ಜಾಲತಾಣಗಳ ಪುಟದ ಪ್ರತಿ ಉಳಿಸಿಡುವ ವೇಬ್ಯಾಕ್ ಮಷೀನಿಗೂ ಆ ಪುಟ ಸೇರಿಸಿ.

ಆಮೇಲೆ ಹೋಗಿ ನೋಡಿ

ಮನೆಯಲ್ಲಿ ಇಷ್ಟು ಮಾಡಿಕೊಂಡು ಹೋದರೆ ದೇವಸ್ಥಾನದಲ್ಲಿ ಏನು ನೋಡಬೇಕು ಅಂತ ಗೊತ್ತಿರುತ್ತದೆ. ಪೀಠದ ಸಹಿಗಳು ತೆಳುವಾಗಿ ಕೆತ್ತಿದವು, ನೆತ್ತಿಯ ಮೇಲಿನ ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಗೋಡೆಗೆ ಓರೆಯಾಗಿ ತಾಗುವ ಹೊತ್ತಿಗೆ ಹೋಗಿ. ಬಿಸಿಲು ಬೀಳದ ಕಡೆ ಗೆಳೆಯರೊಬ್ಬರು ಮೊಬೈಲಿನ ಟಾರ್ಚನ್ನು ಗೋಡೆಗೆ ಹತ್ತಿರವಾಗಿ ಪಕ್ಕದಿಂದ ಹಿಡಿದರೆ ಅಕ್ಷರದ ಅಂಚು ನೆರಳಿನಲ್ಲಿ ಎದ್ದು ಬರುತ್ತದೆ. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ಬೆಳಕು ಹಾಕಿ ತೆಗೆಯಿರಿ. ಸೀಮೆಸುಣ್ಣ ಉಜ್ಜುವುದು, ನೀರು ಎರಚುವುದು ಬೇಡವೇ ಬೇಡ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕು. ಗರ್ಭಗುಡಿಯಲ್ಲಿ ಕೇಳದೆ ಫೋಟೊ ತೆಗೆಯಬೇಡಿ.

ಪ್ರತಿ ವಿಗ್ರಹಕ್ಕೂ ಮೂರು ಫೋಟೊ ಬೇಕು: ಗೋಡೆಯಲ್ಲಿ ಅದರ ಜಾಗ ಕಾಣುವಂತೆ ದೂರದಿಂದ, ಪೂರ್ತಿ ವಿಗ್ರಹ, ಆಮೇಲೆ ಪೀಠ. ಹತ್ತಿರದ್ದೊಂದೇ ತೆಗೆದುಕೊಂಡು ಬಂದರೆ ಮನೆಗೆ ಬಂದ ಮೇಲೆ ಯಾವ ಸಹಿ ಯಾರ ಕಾಲ ಕೆಳಗಿತ್ತು ಅಂತ ತಿಳಿಯುವುದಿಲ್ಲ. ಓದಲು ಕಷ್ಟವಾದ ಅಕ್ಷರವನ್ನು ಸ್ನ್ಯಾಪ್‌ಸೀಡ್‌ನಲ್ಲೋ ಗಿಂಪ್‌ನಲ್ಲೋ ಕಪ್ಪು ಬಿಳುಪು ಮಾಡಿ, ಕಾಂಟ್ರಾಸ್ಟ್ ಏರಿಸಿ, ಬಣ್ಣ ಉಲ್ಟಾ ಮಾಡಿ ನೋಡಿ. ಮೂಲ ಫೋಟೊ ಮಾತ್ರ ಮುಟ್ಟದೆ ಹಾಗೇ ಇರಲಿ. ಮೂರು ಆಯಾಮದ ಮಾದರಿ ಬೇಕಿದ್ದರೆ ಸುತ್ತ ನಡೆಯುತ್ತಾ, ಪ್ರತಿ ಫೋಟೊದಲ್ಲೂ ಹಿಂದಿನದರ ಅರ್ಧಕ್ಕಿಂತ ಜಾಸ್ತಿ ಭಾಗ ಬರುವಂತೆ ತೆಗೆದು ಮೆಶ್‌ರೂಮ್ ಅನ್ನೋ ಉಚಿತ ತಂತ್ರಾಂಶಕ್ಕೆ ಕೊಡಿ. ಮೋಡದ ದಿನ ಇದಕ್ಕೆ ಒಳ್ಳೆಯದು.

ಎರಡು ಕೈಗಳನ್ನು ಹೋಲಿಸುವುದು

ಈಗ ಮೂಲ ಪ್ರಶ್ನೆಗೆ ಬನ್ನಿ. ಶುರು ಮಾಡಲು ನುಗ್ಗೇಹಳ್ಳಿಗಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿ ದಕ್ಷಿಣದ ಕಡೆ ಹೆಚ್ಚಾಗಿ ಬೈಚೋಜನ ಕೆಲಸ, ಉತ್ತರದ ಕಡೆ ಮಲ್ಲಿತಮ್ಮನದು. ಒಂದೇ ಕಾಲ, ಒಂದೇ ಕಲ್ಲು, ಒಂದೇ ಕಟ್ಟಡ, ಎರಡು ಕೈ. 19ನೇ ಶತಮಾನದಲ್ಲಿ ಇಟಲಿಯ ಜಿಯೊವಾನ್ನಿ ಮೊರೆಲ್ಲಿ ಚಿತ್ರಕಾರರನ್ನು ಗುರುತಿಸಲು ಕಿವಿ, ಉಗುರಿನಂಥ ಸಣ್ಣ ಭಾಗಗಳನ್ನು ನೋಡುತ್ತಿದ್ದರು, ಯಾಕೆಂದರೆ ಅಲ್ಲಿ ಕೈ ಅಭ್ಯಾಸದಂತೆ ಓಡುತ್ತದೆ. ಅದೇ ಉಪಾಯ ಇಲ್ಲೂ ನಡೆಯುತ್ತದೆ. ಕಿವಿಯ ಸುರುಳಿ, ಕಾಲ್ಬೆರಳು, ಸೊಂಟದ ಪಟ್ಟಿಯ ಗಂಟು, ತಲೆಯ ಮೇಲಿನ ಬಳ್ಳಿಯ ಎಲೆ ಹೇಗೆ ತಿರುಗಿದೆ ಅನ್ನುವುದನ್ನು ಕತ್ತರಿಸಿ ಅಕ್ಕಪಕ್ಕ ಇಡಿ.

ಫೋಟೊ ಜೋಡಿಸಲು ಟ್ರಾಪಿ ಅನ್ನೋ ಉಚಿತ ತಂತ್ರಾಂಶ ಚೆನ್ನಾಗಿದೆ, ಸಂಶೋಧನೆಯ ಫೋಟೊಗಳಿಗೆಂದೇ ಮಾಡಿದ್ದು. ಅದು ಬೇಡವಾದರೆ ಮಾಮೂಲಿ ಸ್ಪ್ರೆಡ್‌ಶೀಟು ಸಾಕು. ಊರು, ಗೋಡೆಯ ದಿಕ್ಕು, ಬಾಗಿಲಿನಿಂದ ಎಷ್ಟನೆಯ ವಿಗ್ರಹ, ದೇವರು, ಸಹಿಯ ಪಾಠ ಇದ್ದದ್ದು ಇದ್ದಹಾಗೆ, ಓದಿದವರು, ಫೋಟೊ ಕಡತದ ಹೆಸರು ಅಂತ ಕಾಲಂ ಮಾಡಿ. "ಮ" ಅಂತ ಮಾತ್ರ ಇದ್ದರೆ "ಮ" ಅಂತಲೇ ಬರೆಯಿರಿ. ಮಸಣಿತಮ್ಮನೂ ಅದೇ ಅಕ್ಷರದಿಂದ ಶುರುವಾಗುತ್ತಾನೆ! ಇದು ಮಲ್ಲಿತಮ್ಮನೇ ಅಂತ ನಿಮಗೆ ಅನಿಸಿದರೆ ಅದಕ್ಕೆ ಬೇರೆ ಕಾಲಂ ಇರಲಿ, ಕಾರಣದ ಜೊತೆ.

ಸಹಿ ಇಲ್ಲದ ವಿಗ್ರಹಗಳಿಗೆ ಹೆಸರು ಹಚ್ಚುವ ಆತುರ ಬೇಡ. ಮೊದಲು ಸಹಿ ಇರುವವನ್ನು ಮಾತ್ರ ಹೋಲಿಸಿ. ಅಮೃತಾಪುರದ ಮಲ್ಲಿತಮ್ಮನಿಗೂ ಸೋಮನಾಥಪುರದ ಮಲ್ಲಿತಮ್ಮನಿಗೂ ಇರುವ ವ್ಯತ್ಯಾಸ, ನುಗ್ಗೇಹಳ್ಳಿಯಲ್ಲಿ ಅವನಿಗೂ ಬೈಚೋಜನಿಗೂ ಇರುವ ವ್ಯತ್ಯಾಸಕ್ಕಿಂತ ದೊಡ್ಡದೋ ಚಿಕ್ಕದೋ? ಈ ಅಳತೆ ಕೈಯಲ್ಲಿದ್ದರೆ ಒಬ್ಬನೋ ಇಬ್ಬರೋ ಅನ್ನುವ ಮಾತಿಗೆ ತೂಕ ಬರುತ್ತದೆ. ವಯಸ್ಸಾದಂತೆ ಒಬ್ಬನ ಕೈಯೂ ಬದಲಾಗುತ್ತದೆ, ಅವನ ಕೆಳಗೆ ಕಲಿತವರೂ ಅವನಂತೆಯೇ ಕೆತ್ತಿರಬಹುದು, ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಂಚುವಾಗ

ಒಬ್ಬರೇ ಇಟ್ಟುಕೊಂಡರೆ ಈ ಕೆಲಸ ಬೆಳೆಯುವುದಿಲ್ಲ. ಬೆಂಗಳೂರಿನಲ್ಲಿ ಶಾಸನದ ಕಲ್ಲುಗಳನ್ನು ಹುಡುಕುವ ಜನ ಫೇಸ್‌ಬುಕ್ಕಿನಲ್ಲಿ ಸೇರಿಕೊಂಡು ಮಾಡಿದ್ದನ್ನು ನೋಡಿ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ, ಸುಮಾರು 750ರ ಕಾಲದ ಕಿತ್ತಯ್ಯನ ಶಾಸನವನ್ನು ಊರಿನವರ ಜೊತೆ ಸೇರಿ ಉಳಿಸಿದರು. ಆಮೇಲೆ ಬೆಂಗಳೂರಿನ ಮಿಥಿಕ್ ಸೊಸೈಟಿ ಅನ್ನೋ ಇತಿಹಾಸ ಸಂಸ್ಥೆಯ ಯೋಜನೆಯಲ್ಲಿ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಒಂದೊಂದು ಅಕ್ಷರವನ್ನೂ ನೋಡುವ ಹಾಗೆ ಎಲ್ಲರಿಗೂ ತೆರೆದಿಟ್ಟರು. ಹೊಯ್ಸಳ ಶಿಲ್ಪಿಗಳ ಸಹಿಗಳಿಗೂ ಇಂಥದ್ದೇ ಕೆಲಸ ಆಗಬೇಕು ಅನ್ನುವುದು ನನ್ನ ದೊಡ್ಡ ಆಸೆ.

ನಿಮ್ಮ ಫೋಟೊಗಳನ್ನು ಕಾಮನ್ಸ್‌ಗೆ ಹಾಕಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ವಿವರಣೆ ಕೊಡಿ. ಊರು, ಗೋಡೆಯ ದಿಕ್ಕು, ಎಷ್ಟನೆಯ ವಿಗ್ರಹ, ತೆಗೆದ ದಿನ ಇರಲೇಬೇಕು. ಸಹಿಯನ್ನು ಬರೆಯುವಾಗ ಸ್ಪಷ್ಟ ಕಂಡ ಅಕ್ಷರ ಹಾಗೇ, ಅನುಮಾನದ್ದು ಚೌಕ ಕಂಸದೊಳಗೆ, ಅಳಿಸಿ ಹೋದದ್ದಕ್ಕೆ ಚುಕ್ಕೆ. ಯಾರಾದರೂ ಬೇರೆ ಥರ ಓದಿದರೆ ಅವರ ಪಾಠವನ್ನೂ ಕೆಳಗೆ ಸೇರಿಸಿ, ನಿಮ್ಮದನ್ನು ಅಳಿಸಬೇಡಿ. ಬೇರೆಯವರ ಚಿತ್ರ ಬಳಸಿದರೆ ತೆಗೆದವರ ಹೆಸರು ಹಾಕಿ. ಮುಂದಿನ ಸಲ ಸೋಮನಾಥಪುರದ ಫೋಟೊ ಹಂಚುವಾಗ, ಪೀಠದಲ್ಲಿ ಓದಲು ಬರುವ ಹೆಸರಿದ್ದರೆ, ಆ ಹೆಸರನ್ನೇ ಬರೆಯಿರಿ.